ಅರ್ಥವಿಲ್ಲದ ಟ್ರ್ಯಾಕ್ಟರು

ಮೇಷ್ಟ್ರು ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಿವೃತ್ತರಾದಾಗ ಶಾಲೆಯವರು ಅವರಿಂದ ಬೀರುವಿನ ಬೀಗದ ಕೈ, ಹಾಜರಿ ಪುಸ್ತಕ, ಒಂದು ಮುರುಕು ಕುರ್ಚಿ ಎಲ್ಲವನ್ನೂ ವಾಪಸು ಇಸಿದುಕೊಂಡರು. ಒಂದನ್ನು ಮಾತ್ರ ಇಸಿದುಕೊಳ್ಳಲು ಆಗಲಿಲ್ಲ. ಅದು "ಅರ್ಥ ಆಯ್ತಾ?" ಎಂಬ ಪ್ರಶ್ನೆ. ಎರಡು ವಾಕ್ಯಕ್ಕೊಮ್ಮೆ ಕೇಳಿ ಕೇಳಿ ಅದು ಅವರ ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಹಾಲಿನವನಿಗೆ "ನಾಳೆ ಅರ್ಧ ಲೀಟರ್ ಸಾಕು, ಅರ್ಥ ಆಯ್ತಾ?" ಎನ್ನುತ್ತಿದ್ದರು. ಬೀದಿನಾಯಿಗೆ "ಗೇಟಿನೊಳಗೆ ಬರಬಾರದು, ಅರ್ಥ ಆಯ್ತಾ?" ಎನ್ನುತ್ತಿದ್ದರು. ನಾಯಿ ಅರ್ಥವಾದವರ ಹಾಗೆ ಬಾಲ ಅಲ್ಲಾಡಿಸಿ ಗೇಟಿನೊಳಗೇ ಬಂದು ಮಲಗುತ್ತಿತ್ತು.

ಈ ಪ್ರಶ್ನೆಗೆ ಯಾರಾದರೂ ಅಪ್ಪಿತಪ್ಪಿ "ಇಲ್ಲ" ಅಂದರೆ ಕಥೆ ಮುಗಿಯಿತು. ಮೇಷ್ಟ್ರು ಅವರನ್ನು ಕೂರಿಸಿ ಮೊದಲಿಂದ ಶುರುಮಾಡುತ್ತಿದ್ದರು. ಹಾಗಾಗಿ ಬೀದಿಯವರೆಲ್ಲ ಪ್ರಶ್ನೆ ಪೂರ್ತಿ ಬರುವ ಮೊದಲೇ "ಆಯ್ತು ಮೇಷ್ಟ್ರೆ, ಚೆನ್ನಾಗಿ ಆಯ್ತು" ಎಂದು ಜಾಗ ಖಾಲಿ ಮಾಡುವುದನ್ನು ಕಲಿತಿದ್ದರು.

ಇಂಥವರ ಹಿತ್ತಿಲಿಗೆ ಒಂದು ಟ್ರ್ಯಾಕ್ಟರು ಬಂದು ನಿಂತಿತು. ಅದು ಮೇಷ್ಟ್ರ ಮಾವನವರದು. ಪೆಟ್ರೋಲಿನಲ್ಲಿ ಓಡುವ, ಈಗ ಯಾರೂ ತಯಾರಿಸದ ಹಳೇ ಗಾಡಿ. ಮೇಷ್ಟ್ರ ಹೆಂಡತಿ ಹದಿನಾರನೇ ವಯಸ್ಸಿನಲ್ಲಿ ಗಾಡಿ ಓಡಿಸಲು ಕಲಿತದ್ದು ಇದರ ಮೇಲೆಯೇ. ಕಲಿತ ಮೊದಲ ದಿನವೇ ಗೇಟಿನ ಕಂಬಕ್ಕೆ ಗುದ್ದಿದ್ದರಿಂದ ಬಾನೆಟ್ಟಿನ ಎಡಗಡೆ ಅಂಗೈ ಅಗಲದ ಒಂದು ತಗ್ಗು ಇತ್ತು. ಮಾವನವರ ಮಗ, ಅಂದರೆ ಮೇಷ್ಟ್ರ ಭಾವಮೈದ, ಶೆಡ್ಡಿನಲ್ಲಿ ತನ್ನ ಕಾರು ನಿಲ್ಲಿಸಬೇಕೆಂದು ಟ್ರ್ಯಾಕ್ಟರನ್ನು ಗುಜರಿಗೆ ಹಾಕಲು ಹೊರಟಾಗ ಅಕ್ಕ "ಬೇಡ, ನನಗೆ ಕೊಡು" ಅಂದಿದ್ದರು. "ಕೆಮ್ಕೊಂಡು ಕೆಮ್ಕೊಂಡು ಹತ್ತು ಮಾರು ಹೋಗಿ ನಿಲ್ಲೋ ಗಾಡಿ ಯಾಕಕ್ಕಾ?" ಎಂದು ತಮ್ಮ ನಕ್ಕಿದ್ದ.

ಅಲ್ಲೇ ಇದ್ದ ಮೇಷ್ಟ್ರು ತಟ್ಟನೆ "ಒಂದು ತಿಂಗಳು ಕೊಡಿ. ಕೆಮ್ಮದ ಹಾಗೆ ಮಾಡಿ ತೋರಿಸ್ತೀನಿ" ಎಂದುಬಿಟ್ಟರು. ಯಂತ್ರಗಳ ವಿಷಯದಲ್ಲಿ ಅವರ ಅನುಭವ ಪೆನ್ಸಿಲ್ ಚೂಪು ಮಾಡುವ ಯಂತ್ರಕ್ಕಿಂತ ಮುಂದೆ ಹೋಗಿರಲಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮಾವನವರು ಅಳಿಯನ ಮುಖ ನೋಡಿದರು, ಮಗನ ಮುಖ ನೋಡಿದರು, ತೀರ್ಪು ಕೊಟ್ಟರು. "ಆಗ್ಲಿ ಅಳಿಯಂದ್ರೆ. ತಿಂಗಳ ಕೊನೇ ಭಾನುವಾರ ಇವನು ಲಾರಿ ತಗೊಂಡು ನಿಮ್ಮನೆಗೆ ಬರ್ತಾನೆ. ಗಾಡಿ ಸದ್ದು ನಾನು ಫೋನಲ್ಲಿ ಕೇಳ್ಬೇಕು. ಕೇಳಿಸಿದ್ರೆ ಅದು ಮಗಳಿಗೆ. ಕೇಳಿಸ್ದಿದ್ರೆ ಗುಜರಿಗೆ."

ಮೇಷ್ಟ್ರು ಕೂಡಲೇ ಕೆಲಸ ಶುರುಮಾಡಿದರು. ಬೇರೆ ಯಾರಾದರೂ ಆಗಿದ್ದರೆ ಇಂಜಿನ್ನಿನಿಂದ ಶುರುಮಾಡುತ್ತಿದ್ದರು. ಮೇಷ್ಟ್ರು ಬಣ್ಣದಿಂದ ಶುರುಮಾಡಿದರು. ಶುದ್ಧ ಬರಹಕ್ಕೆ ಮೊದಲು ಅಂಕ ಎಂದು ಮೂವತ್ತನಾಲ್ಕು ವರ್ಷ ಹೇಳಿದವರು ಇನ್ನೇನು ಮಾಡಿಯಾರು! ಮೂರು ವಾರ ಹಗಲೆಲ್ಲ ಕೂತು ಮೈಗೆ ಕೆಂಪು, ಚಕ್ರಕ್ಕೆ ಹಳದಿ, ಇಂಜಿನ್ನಿಗೆ ಕಪ್ಪು ಬಳಿದರು. ತಂತಿಗಳು ಅಡ್ಡ ಬಂದಾಗ ಬಿಚ್ಚಿದರು, ಅವುಗಳ ಕೆಳಗೂ ಎರಡು ಕೈ ಬಣ್ಣ ಹೊಡೆದು, ಒಣಗಿದ ಮೇಲೆ ಇದ್ದಲ್ಲೇ ಬೋಲ್ಟು ಬಿಗಿದರು. ಬಾನೆಟ್ಟಿನ ತಗ್ಗಿಗೆ ಮೆತ್ತನೆಯ ಪುಟ್ಟಿ ತುಂಬಿ ನುಣ್ಣಗೆ ಮಾಡಿದರು.

"ಎಲ್ಲಾ ಕಡೆಗೂ ಹೊಡೆದ್ರಾ?" ಎಂದು ಹೆಂಡತಿ ಕೇಳಿದರು.

"ಒಂದು ಸಾಸಿವೆ ಕಾಳಿನಷ್ಟು ಜಾಗ ಬಿಟ್ಟಿಲ್ಲ."

ಹೆಂಡತಿ ಬಾನೆಟ್ಟಿನ ಎಡಗಡೆ ಕೈ ಆಡಿಸಿದರು. ತಗ್ಗು ಸಿಗಲಿಲ್ಲ. ಅದೇ ಜಾಗದಲ್ಲಿ ಇನ್ನೊಮ್ಮೆ ಹುಡುಕಿದರು, ಆದರೆ ಬೆನ್ನು ನೋವು ಬರಿಸಿಕೊಂಡು ನಿಂತ ಗಂಡನಿಗೆ ಏನು ಹೇಳುವುದೆಂದು "ಚೆನ್ನಾಗಿದೆ" ಎಂದು ಒಳಗೆ ಹೋದರು.

ಕೊನೇ ವಾರದ ಸೋಮವಾರ ಮೇಷ್ಟ್ರು ಬೀದಿಯವರನ್ನೆಲ್ಲ ಹಿತ್ತಿಲಿಗೆ ಕರೆದು, ಸೀಟಿನ ಮೇಲೆ ಕೂತು, ಕೀಲಿ ತಿರುಗಿಸಿದರು. ಸದ್ದು ಬರಲಿಲ್ಲ. ಡ್ಯಾಶಿನ ಕೆಂಪು ದೀಪವೂ ಹತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಬಂದಾಗ ಕೆಮ್ಮುತ್ತಿದ್ದ ಟ್ರ್ಯಾಕ್ಟರು ಈಗ ಉಸಿರೇ ಆಡಲಿಲ್ಲ.

"ಮೇಷ್ಟ್ರು ಹೇಳಿದ ಹಾಗೇ ಆಯ್ತಲ್ಲ. ಕೆಮ್ಮು ಪೂರ್ತಿ ನಿಂತಿದೆ" ಎಂದ ಹಿಟ್ಟಿನ ಗಿರಣಿಯವನು.

ಮೇಷ್ಟ್ರು ಅದನ್ನು ಕೇಳಿಸಿಕೊಳ್ಳದವರ ಹಾಗೆ ಇಳಿದು ಮೆಕ್ಯಾನಿಕ್ಕಿಗೆ ಹೇಳಿಕಳಿಸಿದರು.

ಮೆಕ್ಯಾನಿಕ್ಕು ನಲವತ್ತು ದಾಟಿದ, ಅರ್ಧ ಊರಿನ ಮೋಟರು ಪಂಪುಗಳನ್ನು ಬದುಕಿಸಿಟ್ಟಿದ್ದ ಮನುಷ್ಯ. ಆದರೆ ಮೇಷ್ಟ್ರ ಕಣ್ಣಿಗೆ ಅವನು ಇನ್ನೂ ಕೊನೇ ಬೆಂಚಿನವನೇ. ಅವನಿಗೂ ಅಷ್ಟೆ, ಮೇಷ್ಟ್ರನ್ನು ಕಂಡರೆ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು. ಬಂದವನೇ ಕೆಲಸ ಹಿಡಿದ. ಪ್ಲಗ್ಗು ಬಿಚ್ಚಿ ಮಸಿ ಒರೆಸಿದ. ಒಂದು ಮುಚ್ಚಳ ತೆಗೆದು, ಒಳಗಿನ ಪಾಯಿಂಟುಗಳಿಗೆ ಹಿಡಿದಿದ್ದ ಕಿಲುಬನ್ನು ಸಣ್ಣ ಅರದಿಂದ ಉಜ್ಜಿದ. "ಕೆಮ್ಮು ಇದರಿಂದ ಬರ್ತಿತ್ತು ಸಾರ್, ಇನ್ನು ಬರಲ್ಲ" ಅಂದ. ಆಮೇಲೆ ಎರಡು ವೈರು ಕಟ್ಟಿದ ಒಂದು ಬಲ್ಬು ತೆಗೆದು ಬ್ಯಾಟರಿಯ ಎರಡು ಬದಿಗೆ ಮುಟ್ಟಿಸಿದ. ಫಳ್ಳೆಂದು ಹತ್ತಿತು. ಒಂದು ವೈರನ್ನು ಬ್ಯಾಟರಿಯ ಮೇಲೇ ಬಿಟ್ಟು ಇನ್ನೊಂದನ್ನು ಟ್ರ್ಯಾಕ್ಟರಿನ ಮೈಗೆ ಮುಟ್ಟಿಸಿದ. ಹತ್ತಲಿಲ್ಲ. ನಾಲ್ಕು ಕಡೆ ಮುಟ್ಟಿಸಿದ. ಎಲ್ಲೂ ಹತ್ತಲಿಲ್ಲ.

"ಸಾರ್, ಅರ್ತ ಆಗ್ತಿಲ್ಲ" ಅಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕರೆಂಟು ಬ್ಯಾಟರಿಯಿಂದ ಹೊರಟು, ಕೆಲಸ ಮಾಡಿ, ಗಾಡಿಯ ಕಬ್ಬಿಣದ ಮೈಯ ಮೂಲಕ ವಾಪಸು ಬ್ಯಾಟರಿಗೆ ಬರಬೇಕು. ಆ ವಾಪಸು ದಾರಿಗೆ ಮೆಕ್ಯಾನಿಕ್ಕುಗಳು ಇಂಗ್ಲಿಷಿನಲ್ಲಿ ಅರ್ತ್ ಎನ್ನುತ್ತಾರೆ; ಮನೆಗಳಲ್ಲಾದರೆ ಅದು ನೆಲದೊಳಗೇ ಇಳಿಯುತ್ತದೆ. ಮೈಗೆ ಕಟ್ಟಿದ ದಪ್ಪ ತಂತಿಗೂ ಕಬ್ಬಿಣಕ್ಕೂ ನಡುವೆ ಮೇಷ್ಟ್ರ ಎರಡು ಕೈ ಬಣ್ಣ ಕೂತಿತ್ತು, ಹಾಗಾಗಿ ದಾರಿ ಕಟ್ಟಿಹೋಗಿತ್ತು. ಮೆಕ್ಯಾನಿಕ್ಕು ಹೇಳಿದ್ದು ಇಷ್ಟೇ. ಆದರೆ ನಮ್ಮ ಬಾಯಲ್ಲಿ ಆ ಅರ್ತೂ ಈ ಅರ್ಥವೂ ಒಂದೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬರುತ್ತವೆ. ಮೇಷ್ಟ್ರ ಕಿವಿಗೆ ಬಿದ್ದದ್ದು ಮೂವತ್ತನಾಲ್ಕು ವರ್ಷ ಬಿದ್ದ ಮಾತೇ.

"ಯಾವುದು ಅರ್ಥ ಆಗ್ತಿಲ್ಲ?"

"ಇದೇ ಸಾರ್. ಬಾಡಿ."

"ಪರವಾಗಿಲ್ಲ. ಒಪ್ಪಿಕೊಂಡೆಯಲ್ಲ, ಅದು ದೊಡ್ಡದು. ಕೂತ್ಕೋ."

"ಸಾರ್, ಅದು ಹಾಗಲ್ಲ..."

"ನಡುವೆ ಮಾತಾಡಬಾರದು."

ಮೆಕ್ಯಾನಿಕ್ಕು ಬೋರಲು ಹಾಕಿದ್ದ ಬಣ್ಣದ ಡಬ್ಬಿಯ ಮೇಲೆ ಕೂತ. ಮೇಷ್ಟ್ರು ಟ್ರ್ಯಾಕ್ಟರಿನ ಜೊತೆ ಬಂದಿದ್ದ ಕೈಪಿಡಿಯನ್ನು ತೆರೆದು, ಚಕ್ರ ಯಾಕೆ ದುಂಡಗಿರುತ್ತದೆ ಎಂಬಲ್ಲಿಂದ ಹಿಡಿದು ಕಿಡಿ ಹೇಗೆ ಹುಟ್ಟುತ್ತದೆ ಎಂಬವರೆಗೆ ಮುಕ್ಕಾಲು ಗಂಟೆ ವಿವರಿಸಿದರು. ಕೊನೆಗೆ ಕನ್ನಡಕ ತೆಗೆದು ಕೇಳಿದರು. "ಈಗ ಅರ್ಥ ಆಯ್ತಾ?"

ಮೆಕ್ಯಾನಿಕ್ಕು ಎದ್ದು ಬಲ್ಬು ಮುಟ್ಟಿಸಿ ನೋಡಿದ. "ಇಲ್ಲ ಸಾರ್. ಈಗ್ಲೂ ಆಗ್ತಿಲ್ಲ."

ಮೇಷ್ಟ್ರು ಇನ್ನೊಮ್ಮೆ ಹೇಳಿದರು, ಈ ಸಲ ಉದಾಹರಣೆ ಸಮೇತ. ಅವನು ಮತ್ತೆ ಬಲ್ಬು ಮುಟ್ಟಿಸಿದ, ಮತ್ತೆ ತಲೆಯಾಡಿಸಿದ. "ಸಾರ್, ಸ್ವಲ್ಪ ಕೆರೀಬೇಕಾಗುತ್ತೆ."

"ಪರೀಕ್ಷೆಯಲ್ಲೂ ನೀನು ಮೂರು ಗಂಟೆ ಅದನ್ನೇ ಮಾಡ್ತಿದ್ದೆ. ತಲೆ ಕೆರ್ಕೊಂಡ್ರೆ ಏನೂ ಬರಲ್ಲ ಕಣಪ್ಪ. ತಗೋ, ಇದನ್ನ ಮನೆಗೆ ತಗೊಂಡ್ಹೋಗಿ ಓದ್ಕೊಂಡು ಬಾ" ಎಂದು ಮೇಷ್ಟ್ರು ಕೈಪಿಡಿಯನ್ನು ಅವನ ಕೈಗಿಟ್ಟರು. ಊರಿನ ಮೋಟರುಗಳನ್ನೆಲ್ಲ ಬದುಕಿಸಿದವನು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ತಲೆ ತಗ್ಗಿಸಿ ಹೋದ.

ಮೇಷ್ಟ್ರು ಚಾಡಿ ಹೇಳುವವರಲ್ಲ. ಮರುಕದಿಂದ ಹೇಳುವವರು, ಅದು ಇನ್ನೂ ಅಪಾಯ. "ಒಳ್ಳೇ ಹುಡುಗ. ಎರಡು ಸಲ ಹೇಳ್ದೆ, ಅರ್ಥ ಆಗ್ಲಿಲ್ಲ ಅಂತ ತಾನೇ ಬಾಯ್ಬಿಟ್ಟು ಹೇಳ್ದ, ಪಾಪ" ಎಂದು ಅಂದು ಸಂಜೆ ಹಾಲಿನ ಅಂಗಡಿಯ ಮುಂದೆ ಹೇಳಿದರು. ಮಂಗಳವಾರ ಬೆಳಿಗ್ಗೆ ಗಿರಣಿಯವನು ಸುಟ್ಟುಹೋದ ಮೋಟರನ್ನು ಮೆಕ್ಯಾನಿಕ್ಕಿನ ಅಂಗಡಿಯಿಂದ ವಾಪಸು ಹೊತ್ತುಕೊಂಡು ಹೋದ. ಬುಧವಾರದ ಹೊತ್ತಿಗೆ ಮೂರು ಪಂಪು, ಒಂದು ಫ್ಯಾನು ಹಾಗೆಯೇ ಎದ್ದುಹೋದವು. ಮೆಕ್ಯಾನಿಕ್ಕು ಖಾಲಿ ಅಂಗಡಿಯಲ್ಲಿ ಕೂತು, ಮಾಡಲು ಬೇರೆ ಕೆಲಸವಿಲ್ಲದೆ, ನಿಜವಾಗಿಯೂ ಕೈಪಿಡಿ ಓದತೊಡಗಿದ.

ಗುರುವಾರ ಮೀಟರು ಬರೆದುಕೊಳ್ಳಲು ಲೈನ್‌ಮನ್ ಬಂದ. ಇಪ್ಪತ್ತೈದು ವರ್ಷ ಕರೆಂಟಿನ ಕಂಬ ಹತ್ತಿ ಇಳಿದು ಮೊಣಕಾಲು ಸವೆಸಿಕೊಂಡಿದ್ದ ಸರ್ಕಾರಿ ನೌಕರ. ಮೇಷ್ಟ್ರು ಅವನನ್ನು ಹಿತ್ತಿಲಿಗೆ ಕರೆದೊಯ್ದರು. ಅವನು ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದು, ತಂತಿಯ ಬುಡ ನೋಡಿ, ಉಗುರಿನಿಂದ ಬಣ್ಣವನ್ನು ತಟ್ಟಿ, ನಿಟ್ಟುಸಿರು ಬಿಟ್ಟ.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೆ. ಇದಕ್ಕೆ ಅರ್ತಾನೇ ಇಲ್ಲ."

"ಅರ್ಥ ಇಲ್ವಾ? ಮೂರು ವಾರ ಕೂತು ಬಣ್ಣ ಹೊಡೆದಿದೀನಿ!"

"ಅದೇ ನೋಡಿ. ಬಣ್ಣ ಜಾಸ್ತಿ ಆದಷ್ಟೂ ಅರ್ತ ಕಮ್ಮಿ."

ಮೇಷ್ಟ್ರು ಬೆಚ್ಚಿಬಿದ್ದರು. ಅಲಂಕಾರ ತುರುಕಿದ ಪ್ರಬಂಧಗಳ ಬಗ್ಗೆ ಅವರು ಜೀವಮಾನವಿಡೀ ಹೇಳಲು ಹವಣಿಸಿದ್ದನ್ನು ಈ ಖಾಕಿಯವನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದ. ಅವರು ಜೇಬಿನಿಂದ ಡೈರಿ ತೆಗೆದು ಅದನ್ನು ಬರೆದುಕೊಂಡರು.

"ಹಾಗಾದ್ರೆ ಅರ್ಥ ಎಲ್ಲಿರುತ್ತೆ?" ಎಂದು ಮೆಲ್ಲಗೆ ಕೇಳಿದರು.

"ಎಲ್ಲಿರುತ್ತೆ, ಮಣ್ಣಲ್ಲಿ. ಎಲ್ಲಾ ಕೊನೆಗೆ ಮಣ್ಣಿಗೇ ಹೋಗೋದು ತಾನೆ?"

ಮೇಷ್ಟ್ರ ಕಣ್ಣು ತೇವವಾಯಿತು. "ಇದನ್ನೆಲ್ಲ ಯಾರ ಹತ್ತಿರ ಕಲಿತ್ರಿ?"

"ಯಾರೂ ಕಲಿಸ್ಲಿಲ್ಲ. ಕಂಬದ ಮೇಲೆ ಹತ್ತು ಸಲ ಹೊಡೆಸ್ಕೊಂಡೆ, ತಾನಾಗೇ ಬಂತು" ಎಂದು ಲೈನ್‌ಮನ್ ಮೀಟರಿನ ಚೀಟಿ ಹರಿದುಕೊಟ್ಟ. ತಂತಿ ಸರಿಮಾಡುವುದು ಮೆಕ್ಯಾನಿಕ್ಕಿನ ಕೆಲಸ, ತನ್ನದಲ್ಲ ಎಂದೂ ಅವನು ಹೇಳಿದ. ಆದರೆ ಮೇಷ್ಟ್ರು ಡೈರಿಯಲ್ಲಿ ಮುಳುಗಿದ್ದರು.

ಒಳಗೆ ಬಂದು ಹೆಂಡತಿಗೆ ಹೇಳಿದರು. "ನಮ್ಮ ಬೀದಿಯಲ್ಲೇ ಒಬ್ಬ ಜ್ಞಾನಿ ಇದ್ದಾನೆ, ಯಾರಿಗೂ ಗೊತ್ತಿಲ್ಲ."

"ಜ್ಞಾನಿ ಇರಲಿ. ಭಾನುವಾರ ಲಾರಿ ಬರುತ್ತೆ ರೀ" ಎಂದರು ಹೆಂಡತಿ. ಅವರು ಹಿತ್ತಿಲಿನ ಆಚೆಗಿನ ಪಾಳು ಪಟ್ಟಿಯನ್ನು ತಾವೇ ಉತ್ತು ತರಕಾರಿ ಹಾಕಬೇಕೆಂದು ಬೀಜದ ಪೊಟ್ಟಣಗಳನ್ನೂ ತಂದಿಟ್ಟುಕೊಂಡಿದ್ದರು. ಮೇಷ್ಟ್ರಿಗೆ ಆ ಪೊಟ್ಟಣಗಳು ಕಂಡವು. ಮುಖ ಸಪ್ಪಗಾಯಿತು. ಬೇರೆ ಮೆಕ್ಯಾನಿಕ್ಕನ್ನು ಹುಡುಕಿ ಶುಕ್ರವಾರವಿಡೀ ಅಲೆದರು, ಯಾರೂ ಸಿಗಲಿಲ್ಲ.

ಶನಿವಾರ ಸಂಜೆ ವಾಚನಾಲಯದಲ್ಲಿ ಪ್ರತಿ ವಾರದ ಉಪನ್ಯಾಸ. ಯಾರನ್ನು ಕರೆಸುವುದೆಂಬುದು ಮೇಷ್ಟ್ರ ಜವಾಬ್ದಾರಿ. ಅವರು ಲೈನ್‌ಮನ್ನನ್ನು ಕರೆಸಿ ಕಪ್ಪು ಹಲಗೆಯ ಮೇಲೆ "ಬದುಕಿಗೆ ಅರ್ಥ" ಎಂದು ದುಂಡಗೆ ಬರೆದರು. ಲೈನ್‌ಮನ್ ಹಲಗೆ ನೋಡಿ ಸಂತೋಷಪಟ್ಟ. ಜನಕ್ಕೆ ಕೊನೆಗೂ ಸುರಕ್ಷತೆಯ ಮೇಲೆ ಆಸಕ್ತಿ ಬಂತಲ್ಲ ಎಂದುಕೊಂಡ.

"ಅರ್ತ ಇದ್ರೆ ಬದುಕು, ಇಲ್ದಿದ್ರೆ ಇಲ್ಲ. ಇಷ್ಟೇ ವಿಷಯ" ಎಂದು ಅವನು ಶುರುಮಾಡಿದ. ನಲವತ್ತು ಜನ ಬೆಂಚುಗಳಲ್ಲಿ ಮುಂದಕ್ಕೆ ಬಾಗಿದರು.

"ನಾನು ಎಷ್ಟೋ ಮನೆ ನೋಡಿದೀನಿ. ಹೊರಗೆ ಥಳಥಳ, ಒಳಗೆ ಅರ್ತ ಇಲ್ಲ. ಕಟ್ಟೋವಾಗ ಅರ್ತಕ್ಕೆ ಅಂತ ಯಾರೂ ಯೋಚ್ನೆ ಮಾಡಲ್ಲ. ಆಮೇಲೆ ಒಂದಿನ ಹೊಡೀತದೆ ನೋಡಿ, ಆಗ ಓಡಿಬರ್ತಾರೆ."

ಮುಂದಿನ ಸಾಲಿನಲ್ಲಿ ಗಿರಣಿಯವನು ಮೂಗು ಒರೆಸಿಕೊಂಡ. ಇತ್ತೀಚೆಗಷ್ಟೇ ಮನೆ ಕಟ್ಟಿಸಿದ್ದ ಅವನ ಜೊತೆ ಹೆಂಡತಿ ಮಾತು ಬಿಟ್ಟಿದ್ದಳು. "ಈಗ ಏನು ಮಾಡೋದಣ್ಣ?" ಎಂದು ಕೇಳಿದ.

"ಹೆದರ್ಬೇಡಿ, ಕಟ್ಟಿದ ಮೇಲೂ ಅರ್ತ ಕೊಡಬಹುದು" ಎಂದ ಲೈನ್‌ಮನ್. ಮೇಷ್ಟ್ರು ಡೈರಿ ತೆರೆದು ಪೆನ್ನು ಸಿದ್ಧಮಾಡಿಕೊಂಡರು. "ಮನೆ ಹಿಂದೆ ಆರಡಿ ಗುಂಡಿ ತೋಡಿ. ಒಂದು ಪದರ ಇದ್ದಲು, ಒಂದು ಪದರ ಉಪ್ಪು ಹಾಕಿ. ನಡುವೆ ಒಂದು ಪೈಪು ನಿಲ್ಸಿ. ವಾರಕ್ಕೊಂದು ಸಲ ಒಂದು ಕೊಡ ನೀರು ಹಾಕಿ."

ಮೇಷ್ಟ್ರು "ಇದ್ದಲು — ದುಃಖ. ಉಪ್ಪು — ಕಣ್ಣೀರು" ಎಂದು ಬರೆದುಕೊಂಡರು. "ಪೈಪು" ಎಂದು ಬರೆದು ಅಲ್ಲಿ ನಿಂತರು. ಪೈಪಿಗೆ ಏನೂ ಹೊಳೆಯಲಿಲ್ಲ.

ಹಿಂದಿನಿಂದ ಒಂದು ನಗು ಕೇಳಿಸಿತು. ಸೆರಗು ಬಾಯಿಗೆ ಒತ್ತಿಕೊಂಡು ಅವರ ಹೆಂಡತಿಯೇ ನಗುತ್ತಿದ್ದರು. ಐದು ದಿನದಿಂದ ಅಳು ತಡೆದಿದ್ದವರಿಗೆ ಈಗ ನಗು ತಡೆಯಲಾಗಲಿಲ್ಲ. ಕೊನೇ ಬೆಂಚಿನಿಂದ ಮೆಕ್ಯಾನಿಕ್ಕು ಎದ್ದು ನಿಂತ. ಕೈಯಲ್ಲಿ ಕೈಪಿಡಿಯಿತ್ತು, ಒಂದು ಪುಟದ ನಡುವೆ ಬೆರಳಿತ್ತು.

"ಸಾರ್, ನಾನು ಸೋಮವಾರ ಹೇಳಿದ್ದೂ ಇದನ್ನೇ. ಅರ್ತು. ವೈರು. ಪುಟ ನಲವತ್ತೆರಡು."

ಮೇಷ್ಟ್ರು ಹಲಗೆಯ ಕಡೆ ನೋಡಿದರು. ಲೈನ್‌ಮನ್ನನ್ನು ನೋಡಿದರು. ಮೆಕ್ಯಾನಿಕ್ಕನ್ನು ನೋಡಿದರು. ಆಮೇಲೆ ಬಹಳ ಹೊತ್ತು ತಮ್ಮ ಡೈರಿಯನ್ನೇ ನೋಡಿದರು. ಗಿರಣಿಯವನು ಮಾತ್ರ "ಉಪ್ಪು ಕಲ್ಲುಪ್ಪೋ ಪುಡಿಯೋ?" ಎಂದು ಕೇಳುತ್ತಿದ್ದ.

ಭಾನುವಾರ ಎಂಟಕ್ಕೆ ಲಾರಿ ಬಂತು. ಭಾವಮೈದ ಹಗ್ಗ ಹಿಡಿದು ಇಳಿದ. ಹಿತ್ತಿಲಿನಲ್ಲಿ ಆಗಲೇ ಬೀದಿ ಸೇರಿತ್ತು. ಮೆಕ್ಯಾನಿಕ್ಕು ದಪ್ಪ ತಂತಿಯ ಬೋಲ್ಟು ಸಡಿಲಿಸಿ, ಜೇಬಿನಿಂದ ಉಪ್ಪು ಕಾಗದದ ತುಂಡು ತೆಗೆದು, ಹಳೇ ಅಭ್ಯಾಸದಂತೆ ಅನುಮತಿ ಕೇಳಿದ.

"ಸಾರ್, ಕೆರೀಲಾ?"

"ಕೊಡು, ನಾನೇ ಕೆರೀತೀನಿ" ಎಂದರು ಮೇಷ್ಟ್ರು. ಮಂಡಿಯೂರಿ ಕೂತು, ತಮ್ಮ ಕೈಯಾರೆ ಹೊಡೆದ ಬಣ್ಣವನ್ನು ಉಜ್ಜಿದರು. ಕಪ್ಪು ಹೋಯಿತು, ಅದರ ಕೆಳಗಿನ ಇನ್ನೊಂದು ಕಪ್ಪೂ ಹೋಯಿತು, ಒಂದು ರೂಪಾಯಿ ಅಗಲದ ಬೆಳ್ಳನೆಯ ಕಬ್ಬಿಣ ಕಂಡಿತು. ಮೆಕ್ಯಾನಿಕ್ಕು ತಂತಿ ಬಿಗಿದು ಬಲ್ಬು ಮುಟ್ಟಿಸಿದ. ಹತ್ತಿತು.

"ಭಾವ, ಕಟ್ಟಿ ಎಳೀಲಾ?" ಎಂದ ಭಾವಮೈದ.

"ಸುಮ್ನಿರೋ, ಫೋನು ಮಾಡು ಅಪ್ಪನಿಗೆ" ಎಂದು ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀಟಿನ ಮೇಲೆ ಹತ್ತಿದರು. ಮೇಷ್ಟ್ರು ತಾವೇ ಹತ್ತಬೇಕೆಂದು ಒಂದು ಕಾಲು ಎತ್ತಿದ್ದವರು ಅದನ್ನು ಇಳಿಸಿದರು.

ಕೀಲಿ ತಿರುಗಿತು. ಕೆಂಪು ದೀಪ ಹತ್ತಿತು. ಒಂದು ಸಲ ಗೊರ್ ಎಂದು ನಿಂತಿತು, ಎರಡನೇ ಸಲವೂ ನಿಂತಿತು. ಮೂರನೇ ಸಲ ಗುಡುಗಿ, ನೀಲಿ ಹೊಗೆ ಬಿಟ್ಟು, ಹಿತ್ತಿಲಿನ ಕೋಳಿಗಳನ್ನೆಲ್ಲ ಗೋಡೆಯ ಆಚೆ ಕಳಿಸಿ, ಒಂದೇ ಸಮನೆ ಓಡತೊಡಗಿತು. ಕೆಮ್ಮಲಿಲ್ಲ. ಮೇಷ್ಟ್ರ ಹೆಂಡತಿ ಹದಿನಾರರ ಹುಡುಗಿಯಂತೆ ಕೂಗುತ್ತಾ, ಹಿತ್ತಿಲಿನಲ್ಲಿ ಒಂದು ಸುತ್ತು ಹೊಡೆದು, ಪಾಳು ಪಟ್ಟಿಯ ಕಡೆ ತಿರುಗಿಸಿ, ಗೇಟಿನ ಎಡಗಂಬಕ್ಕೆ ಧಡ್ಡೆಂದು ಗುದ್ದಿ ಆಚೆ ಹೋದರು. ಬಾನೆಟ್ಟಿನ ಪುಟ್ಟಿ ಉದುರಿ ತಗ್ಗು ಇದ್ದ ಜಾಗಕ್ಕೇ ವಾಪಸು ಬಂತು.

ಎತ್ತಿ ಹಿಡಿದ ಫೋನಿನಿಂದ ಮಾವನವರ ದನಿ ಬಂತು. "ಸಾಕು ಬಿಡೋ, ಲಾರಿ ವಾಪಸ್ ಕಳ್ಸು. ಓಡಿಸ್ತಿರೋದು ಮಗಳೇ. ಕಂಬಕ್ಕೆ ಗುದ್ದಿದ್ದು ಕೇಳಿಸ್ತು."

ಗಿರಣಿಯವನು ಮೆಕ್ಯಾನಿಕ್ಕಿನ ಪಕ್ಕಕ್ಕೆ ಸರಿದು "ನನ್ ಮೋಟರು ಮಧ್ಯಾಹ್ನ ತರ್ತೀನಿ, ನೋಡ್ತೀಯಾ?" ಎಂದ. ಅವನು ಉತ್ತರ ಕೊಡುವ ಮೊದಲೇ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಬೀದಿಯವರೆಲ್ಲ ಅಭ್ಯಾಸಬಲದಿಂದ "ಆಯ್ತು ಮೇಷ್ಟ್ರೆ" ಅನ್ನಲು ತಯಾರಾದರು.

"ಎಲ್ಲರೂ ಕೇಳಿ" ಎಂದರು ಮೇಷ್ಟ್ರು. "ಇವನು ಮೊದಲ ದಿನವೇ ಸರಿಯಾಗಿ ಹೇಳಿದ್ದ. ಮೂರು ಸಲ ಹೇಳಿದ್ದ. ನನಗೇ ಅರ್ಥ ಆಗ್ಲಿಲ್ಲ."

ಮೂವತ್ತನಾಲ್ಕು ವರ್ಷದಲ್ಲಿ ಆ ಮಾತು ಆ ಬಾಯಿಂದ ಬಂದದ್ದನ್ನು ಕೇಳಿದವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಮೆಕ್ಯಾನಿಕ್ಕು ಬೆನ್ನ ಹಿಂದೆ ಕಟ್ಟಿದ್ದ ಕೈಗಳನ್ನು ನಿಧಾನವಾಗಿ ಮುಂದಕ್ಕೆ ತಂದ. ಬಣ್ಣದ ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲಿನ ಧೂಳು ಒರೆಸಿದ.

"ಪರವಾಗಿಲ್ಲ ಸಾರ್. ಒಪ್ಕೊಂಡ್ರಲ್ಲ, ಅದು ದೊಡ್ಡದು. ಕೂತ್ಕೊಳ್ಳಿ, ಮೊದಲಿಂದ ಹೇಳ್ತೀನಿ."

ಮೇಷ್ಟ್ರು ಕೂತರು. ಅವನು ಕೈಪಿಡಿಯ ನಲವತ್ತೆರಡನೇ ಪುಟ ತೆರೆದ. ಕರೆಂಟು ಬ್ಯಾಟರಿಯಿಂದ ಹೊರಟು ಕಿಡಿ ಹುಟ್ಟಿಸುವ ಕಾಯಿಲಿಗೆ ಬರುವಷ್ಟರಲ್ಲಿ ಮೇಷ್ಟ್ರು ಒಂದು ಬೆರಳು ಎತ್ತಿ ಬಾಯಿ ತೆರೆದರು.

"ಸಾರ್, ನಡುವೆ ಮಾತಾಡಬಾರದು" ಎಂದ ಮೆಕ್ಯಾನಿಕ್ಕು.